ಕೋವಿ ಪೆಟ್ಟಿಗೆಯ ಬೀಗವೂ ಬದಲಾಗಿದೆ, ದರವೂ ಬದಲಾಗಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಈ ಮಳೆಗಾಲದಿಂದ ನಮ್ಮ ಕೋವಿ ಪೆಟ್ಟಿಗೆಗೆ ಬೆರಳಚ್ಚಿನ ಬೀಗ ಹಾಕುವುದನ್ನು ನಿಲ್ಲಿಸಿದ್ದೇವೆ. ಒಂಟಿನಳಿಗೆಯದಾಗಲಿ, ಜೋಡುನಳಿಗೆಯದಾಗಲಿ, ಇನ್ನು ಎಲ್ಲ ಪೆಟ್ಟಿಗೆಗೂ ಐದು ಬಟನ್‌ನ ಮೆಕ್ಯಾನಿಕಲ್ ಬೀಗ. ಇದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. ದರ 12,980 ರೂಪಾಯಿ ಇದ್ದದ್ದು 14,750 ಆಗಿದೆ. ಬೆರಳಚ್ಚಿನ ಪೆಟ್ಟಿಗೆ ಈಗಾಗಲೇ ಒಯ್ದವರಿಗೆ ಬೀಗ ಬದಲಿಸಿ ಕೊಡುತ್ತೇವೆ.

ಬುಕ್ ಮಾಡಿ ಕಾಯುತ್ತಿರುವವರಲ್ಲಿ ಕ್ಷಮೆ ಕೇಳುತ್ತೇವೆ. ಹೊಸ ಬೀಗದ ಲಾಟು ಬರುವುದು ತಡವಾಯಿತು. ಕೋವಿಗೆ ಪೂಜೆ ಮಾಡುವ ನಮ್ಮ ಕೊಡಗಿನ ಹಬ್ಬ ಕೈಲ್‌ಪೊಳ್ದ್‌ಗೆ ಕೊಡುತ್ತೇವೆ ಅಂದಿದ್ದ ಕೆಲವು ಪೆಟ್ಟಿಗೆಗಳು ಹಬ್ಬ ಕಳೆದ ಮೇಲೆ ಸಿಗುತ್ತವೆ. ಹಬ್ಬದ ದಿನ ಕೋವಿ ಹೇಗೂ ಕನ್ನಿಕೊಂಬರೆಯಲ್ಲಿ (ದೇವರ ಕೋಣೆಯಲ್ಲಿ) ಇರುತ್ತದೆ ಅಲ್ವಾ, ಪರವಾಗಿಲ್ಲ ಅಂದವರೂ ಇದ್ದಾರೆ. ಅವರ ದೊಡ್ಡತನ ಅದು. ಹೇಳಿದ ದಿನಕ್ಕೆ ಕೊಡಲಾಗಲಿಲ್ಲ ಅನ್ನುವ ಬೇಸರ ಮಾತ್ರ ನಮಗಿದೆ.

ಮೊದಲು ದರದ ಮಾತು. "ಹಬ್ಬ ಬಂತು ಅಂತ ಏರಿಸಿದ್ದಾರೆ" ಅನ್ನುವುದನ್ನು ಸಂತೆಯಲ್ಲೂ ಕೇಳಿದೆವು, ಫೋನಿನಲ್ಲೂ ಕೇಳಿದೆವು. ನೋವಾಯಿತು. ಅದಕ್ಕೇ ಲೆಕ್ಕ ಬಿಚ್ಚಿಡುತ್ತೇವೆ. 14,750ರಲ್ಲಿ ಜಿಎಸ್‌ಟಿ ಶೇ 18, ಅಂದರೆ 2,250. ಆ ದುಡ್ಡು ನಮ್ಮ ಕೈಗೆ ಬಂದ ಹಾಗೇ ಸರ್ಕಾರಕ್ಕೆ ಹೋಗುತ್ತದೆ. ಉಳಿಯುವುದು 12,500. ಹಿಂದೆ ಇದೇ 11,000 ಇತ್ತು. ಜಾಸ್ತಿಯಾದ 1,500ರಲ್ಲಿ 950 ಬೀಗಕ್ಕೇ ಹೋಯಿತು. ಪೌಡರ್ ಕೋಟಿಂಗ್‌ಗೆ ಮೈಸೂರಿಗೆ ಕಳಿಸುತ್ತೇವೆ, ಅವರು 300 ಏರಿಸಿದರು. ಹೋಗಿ ಬರುವ ಲಾರಿ ಬಾಡಿಗೆ ಪೆಟ್ಟಿಗೆಗೆ 250 ಜಾಸ್ತಿ ಬೀಳುತ್ತಿದೆ. ಅಲ್ಲಿಗೆ 1,500 ಮುಗಿಯಿತು. ನಮ್ಮ ಹುಡುಗರ ಕೂಲಿ ಈ ವರ್ಷ ಏರಿದೆ, ವೆಲ್ಡಿಂಗ್ ರಾಡು, ಗ್ಯಾಸು, ಗ್ರೈಂಡಿಂಗ್ ವೀಲು ಎಲ್ಲ ಏರಿದೆ. ಅದನ್ನು ನಿಮ್ಮ ಬಿಲ್ಲಿಗೆ ಹಾಕಿಲ್ಲ. ನಾವೇ ಹೊತ್ತಿದ್ದೇವೆ.

ಆನ್‌ಲೈನ್‌ನಲ್ಲಿ ಅರ್ಧ ದರಕ್ಕೆ ಸಿಗುತ್ತದೆ ಅನ್ನುತ್ತೀರಿ. ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಅಂಥದ್ದನ್ನು ಒಬ್ಬರು ರಿಪೇರಿಗೆ ಅಂತ ನಮ್ಮಲ್ಲಿಗೇ ತಂದಿದ್ದರು. ಒಂದು ಎಂಎಂ ಶೀಟು. ಬಾಗಿಲ ಮೂಲೆಗೆ ದೊಡ್ಡ ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ತಗಡು ಮಡಚಿಕೊಂಡು ಬಂತು. ಒಳಗೆಲ್ಲ ಸ್ಪಂಜು ಅಂಟಿಸಿದ್ದರು, ನೋಡಲು ಚಂದ. ಆದರೆ ನಮ್ಮ ಮಳೆಗೆ ಸ್ಪಂಜು ನೀರು ಹಿಡಿದು ಕೂರುತ್ತದೆ. ಅದು ಒರಗಿದ ಕಡೆಯೆಲ್ಲ ನಳಿಗೆಗೆ ತುಕ್ಕು ಬಂದಿತ್ತು. ನಮ್ಮದು ಎರಡು ಎಂಎಂ ಶೀಟು, ಮೂವತ್ತು ಕಿಲೋ ಹತ್ತಿರ ತೂಗುತ್ತದೆ. ಹಿಂಜು ಒಳಗಡೆ ಇರುತ್ತದೆ. ಕೋವಿ ಒರಗುವ ಕಡೆ ರಬ್ಬರು, ಕೆಳಗೆ ಗಾಳಿಯಾಡಲು ತೂತು. ನಾಲ್ಕು ಆಂಕರ್ ಬೋಲ್ಟ್ ಹಾಕಿ ನಾವೇ ಬಂದು ಕೂರಿಸುತ್ತೇವೆ. ಹಳೇ ಮನೆಗಳ ಮಣ್ಣಿನ ಗೋಡೆ ಬೋಲ್ಟ್ ಹಿಡಿಯುವುದಿಲ್ಲ, ಅಲ್ಲಿ ಮರದ ಕಂಬಕ್ಕೆ ಕಬ್ಬಿಣದ ಪಟ್ಟಿ ಕೊಟ್ಟು ಕಚ್ಚಿಸುತ್ತೇವೆ. ಈ ಕೆಲಸಕ್ಕೆ ಬೇರೆ ಚಾರ್ಜು ಮಾಡುವುದಿಲ್ಲ. ಕೊರಿಯರ್‌ನವರು ಗೇಟಿನ ಹತ್ತಿರ ಇಳಿಸಿ ಹೋಗುವ ಪೆಟ್ಟಿಗೆಯ ಜೊತೆ ನಮ್ಮ ದರ ಹೋಲಿಸುವುದು ಸರಿಯಲ್ಲ.

ಇನ್ನು ಬೆರಳಚ್ಚಿನ ಬೀಗ ಯಾಕೆ ಬಿಟ್ಟೆವು ಅನ್ನುವುದು. ಅದು ಬೇಕು ಅಂದದ್ದು ನೀವು, ಹಾಕಿಕೊಟ್ಟದ್ದು ನಾವು. ಬೆರಳಿಟ್ಟ ಕೂಡಲೇ ಟಕ್ ಅಂತ ತೆರೆದುಕೊಳ್ಳುತ್ತಿತ್ತು, ನಿಮಗೂ ಖುಷಿ, ನಮಗೂ ಖುಷಿ. ಆದರೆ ತೋಟದ ಕೈ ಬೇರೆ. ಕಾಫಿ ಕುಯ್ದು, ಮೆಣಸು ಬಿಡಿಸಿ, ಕತ್ತಿ ಹಿಡಿದು ಬೆರಳಿನ ಗೆರೆ ಸವೆದಿರುತ್ತದೆ. ವಯಸ್ಸಾದವರಿಗಂತೂ ಇನ್ನೂ ಕಷ್ಟ. ಮಳೆಯಲ್ಲಿ ನೆನೆದು ಬಂದ ಬೆರಳು ಸುಕ್ಕಾಗಿದ್ದರೆ ಸೆನ್ಸರ್ ಓದುವುದೇ ಇಲ್ಲ. ಬ್ಯಾಟರಿಯದು ಇನ್ನೊಂದು ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಒಳಗೂ ಒದ್ದೆ. ಬ್ಯಾಟರಿ ಒಸರಿ, ಬಿಳಿ ಪುಡಿ ಕಟ್ಟಿ, ತಗಡಿನ ಸ್ಪ್ರಿಂಗು ತಿಂದುಹೋದ ಬೀಗಗಳು ಸಾಲಾಗಿ ನಮ್ಮ ಬೆಂಚಿನ ಮೇಲೆ ಬಂದವು.

ಅದೆಲ್ಲ ರಿಪೇರಿ ಮಾಡಬಹುದಾದ ತೊಂದರೆ. ನಮ್ಮ ನಿದ್ದೆ ಕೆಡಿಸಿದ್ದು ಆ ಬೀಗದ ಜೊತೆ ಬರುವ ಎಮರ್ಜೆನ್ಸಿ ಕೀ. ಸೆನ್ಸರ್ ಕೈಕೊಟ್ಟರೆ ಇರಲಿ ಅಂತ ಅದನ್ನು ಮನೆಯವರು ಪೆಟ್ಟಿಗೆಯ ಪಕ್ಕದ ಮೊಳೆಗೆ, ಕ್ಯಾಲೆಂಡರ್ ಹಿಂದೆ ನೇತುಹಾಕುತ್ತಾರೆ. ಸರ್ವೀಸಿಗೆ ಹೋದ ಎಷ್ಟೋ ಮನೆಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಒಂದು ಮನೆಯಲ್ಲಿ ಕೀ ಎಲ್ಲಿ ಅಂತ ಕೇಳಿದರೆ, ಯಜಮಾನರು ಹುಡುಕುವಷ್ಟರಲ್ಲಿ ಎರಡನೇ ಕ್ಲಾಸಿನ ಮೊಮ್ಮಗ ಕುರ್ಚಿ ಎಳೆದು ತಂದು ತೆಗೆದುಕೊಟ್ಟ. ಅಂಥ ಬೀಗ ಇದ್ದರೆಷ್ಟು, ಬಿಟ್ಟರೆಷ್ಟು?

ಅಮೆರಿಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಸುಮಾರು 61,000 ಬೆರಳಚ್ಚಿನ ಗನ್ ಸೇಫ್‌ಗಳನ್ನು ವಾಪಸ್ ಕರೆಸಿಕೊಂಡರು. ಮಾಲೀಕರು ತಮ್ಮ ಬೆರಳಚ್ಚನ್ನು ಬೀಗಕ್ಕೆ ಸೇರಿಸಿಯಾಯಿತು ಅಂದುಕೊಂಡಿದ್ದರೂ ಬೀಗಕ್ಕೆ ಅದು ಸೇರಿರುತ್ತಿರಲಿಲ್ಲ. ಹಾಗಾಗಿ ಯಾರ ಬೆರಳಿಟ್ಟರೂ ತೆರೆಯುತ್ತಿತ್ತು. ಆ ಸೇಫಿನಿಂದ ಗನ್ ಕೈಗೆ ಸಿಕ್ಕಿ 12 ವರ್ಷದ ಹುಡುಗ ಸತ್ತ ಅನ್ನುವ ದೂರು ಕೋರ್ಟಿಗೆ ಹೋಗಿತ್ತು. ಅದು ನಾವು ತರಿಸುತ್ತಿದ್ದ ಬೀಗ ಅಲ್ಲ. ನಮ್ಮ ಪೆಟ್ಟಿಗೆಯಲ್ಲಿ ಹಾಗಾಯಿತು ಅಂತ ಯಾರೂ ಹೇಳಿಲ್ಲ. ಆದರೂ ಅದನ್ನು ಓದಿದ ಮೇಲೆ ಬೆರಳಚ್ಚಿನ ಬೀಗ ಕೂರಿಸಲು ಕೈ ಬರಲಿಲ್ಲ.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆ. "ರಾತ್ರಿ ತೋಟಕ್ಕೆ ಆನೆ ನುಗ್ಗಿದಾಗ, ನಾಯಿ ಬೊಗಳುವಾಗ, ಕರೆಂಟು ಇಲ್ಲದೆ ಇರುವಾಗ ಬಟನ್ ಒತ್ತುತ್ತಾ ನಿಲ್ಲಬೇಕಾ?" ಕೇಳಿದವರ ಮೇಲೆ ನಮಗೆ ಸಿಟ್ಟಿಲ್ಲ. ಕೊಟ್ಟಿಗೆಯ ಹಿಂದೆ ಬಾಳೆ ಮುರಿಯುವ ಸದ್ದು ಕೇಳಿದಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ನಮಗೂ ಗೊತ್ತು. ಆನೆಗೆ ಗುಂಡು ಹೊಡೆಯುವ ಹಾಗಿಲ್ಲ, ಓಡಿಸಲು ಗಾಳಿಯಲ್ಲಿ ಒಂದು ಸದ್ದು ಅಷ್ಟೇ. ಆ ಸದ್ದು ಹೊತ್ತಿಗೆ ಸರಿಯಾಗಿ ಆಗಬೇಕು ಅನ್ನುವುದು ನ್ಯಾಯವೇ.

ಕತ್ತಲಲ್ಲಿ ಈ ಬೀಗವೇ ವಾಸಿ. ಐದು ಬಟನ್ ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿವೆ. ಮೇಲಿನದನ್ನು ಹೆಬ್ಬೆರಳು ಹುಡುಕಿಕೊಂಡರೆ ಉಳಿದವು ಎಲ್ಲಿವೆ ಅಂತ ಟಾರ್ಚ್ ಇಲ್ಲದೆಯೇ ಗೊತ್ತಾಗುತ್ತದೆ. ಕೈ ಒದ್ದೆ ಇದ್ದರೂ, ಮಣ್ಣಾಗಿದ್ದರೂ, ಗ್ಲೌಸ್ ಇದ್ದರೂ ಬಟನ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮ್ಮ ಕೋಡಿನಂತೆ ಒತ್ತಿ ಹಿಡಿ ತಿರುಗಿಸಿದರೆ ಬಾಗಿಲು ಬಂತು. ವಾರ ಅಭ್ಯಾಸ ಮಾಡಿದವರು ಐದಾರು ಸೆಕೆಂಡಿನಲ್ಲಿ ತೆಗೆಯುತ್ತಾರೆ. ಬೆರಳಚ್ಚು ಮೊದಲ ಸಲಕ್ಕೇ ಓದಿದರೆ ಅದು ಇನ್ನೂ ಬೇಗ, ಒಪ್ಪುತ್ತೇವೆ. ಆದರೆ ಓದದಿದ್ದರೆ? ಬೆರಳು ಒರೆಸಿ, ಮತ್ತೆ ಇಟ್ಟು, ಮತ್ತೆ ಒರೆಸಿ, ಕೊನೆಗೆ ಕೀ ಹುಡುಕುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

"ಐದೇ ಬಟನ್, ಯಾರಾದರೂ ಕಂಡುಹಿಡಿಯುತ್ತಾರೆ" ಅನ್ನುವವರಿಗೂ ಒಂದು ಮಾತು. ಒಂದು ಬಟನ್ ಒಂದು ಸಲ ಮಾತ್ರ ಕೆಲಸ ಮಾಡುತ್ತದೆ. ಆದರೆ ಎರಡು ಮೂರು ಬಟನ್ ಒಟ್ಟಿಗೆ ಒತ್ತುವುದನ್ನೂ ಕೋಡಿನಲ್ಲಿ ಸೇರಿಸಬಹುದು. ಎಲ್ಲ ಕೂಡಿಸಿದರೆ 1,081 ಬಗೆ. ನಿಮ್ಮ ಕೋಡಿನಲ್ಲಿ ಒಂದು ಜೋಡಿಯಾದರೂ ಇರಲಿ. ಜೀಪಿನ ನಂಬರಿನ ಅಂಕಿ ಬೇಡ. ಪಕ್ಕದಲ್ಲಿ ಯಾರಾದರೂ ಇರುವಾಗ ತೆಗೆಯಬೇಡಿ. ಕೋಡು ಬದಲಿಸಲು ನಮ್ಮನ್ನು ಕರೆಯಬೇಕಿಲ್ಲ, ಬಾಗಿಲ ಒಳಗಿನ ತಿರುಪು ಬಿಚ್ಚಿ ನೀವೇ ಬದಲಿಸಬಹುದು. ಎಮರ್ಜೆನ್ಸಿ ಕೀ ಇಲ್ಲ. ಬೇಕು ಅಂತ ಎಷ್ಟು ಕೇಳಿದರೂ ಕೊಡುವುದಿಲ್ಲ. ಕೋಡು ಮರೆತರೆ ಲೈಸೆನ್ಸ್ ಅಥವಾ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟ ಪತ್ರ ತೋರಿಸಿ, ನಾವು ಬಂದು ತೆಗೆದುಕೊಡುತ್ತೇವೆ.

ತೋಟೆಯ (ಕೋವಿಗೆ ತುಂಬುವ ಗುಂಡಿನ) ಡ್ರಾಯರ್‌ಗೆ ಬೇರೆ ಕೀ ಇರುವುದು ಹಿಂದಿನ ಹಾಗೇ. ಅದು ಮಾತ್ರ ಜೇಬಿನಲ್ಲಿರಲಿ.

ಕೆಲವರು ಕೊಡವರಾದ ನಮಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂದರು. ವಿನಾಯಿತಿ ಇದೆ, 2029ರ ಅಕ್ಟೋಬರ್‌ವರೆಗೆ. ಹೈಕೋರ್ಟ್ ಕೂಡ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅದು ನಮಗೂ ಹೆಮ್ಮೆ. ಆದರೆ ವಿನಾಯಿತಿ ಇರುವುದು ಲೈಸೆನ್ಸಿನಿಂದ, ಜೋಪಾನದಿಂದ ಅಲ್ಲ. ಲೈಸೆನ್ಸಿಗೆ ಅರ್ಜಿ ಹಾಕುವವರು ಕೋವಿ ಭದ್ರವಾಗಿ ಇಡುತ್ತೇವೆ ಅಂತ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಬರೆದುಕೊಡಬೇಕು. ಬರೆದುಕೊಡಬೇಕಿಲ್ಲದ ನಾವು ಅವರಿಗಿಂತ ಒಂದು ಕೈ ಮೇಲಿರಬೇಕು ಅನ್ನುವುದು ನಮ್ಮ ಅಭಿಪ್ರಾಯ. ಒಂದು ಮನೆಯಲ್ಲಿ ಅನಾಹುತ ಆದರೆ ಮಾತು ಇಡೀ ಕೊಡಗಿಗೆ ಬರುತ್ತದೆ.

ಬೆರಳಚ್ಚಿನ ಪೆಟ್ಟಿಗೆ ಇರುವವರು ಇವತ್ತೇ ಒಂದು ಕೆಲಸ ಮಾಡಿ. ಕೋವಿ ಹೊರಗೆ ತೆಗೆದಿಟ್ಟು, ಬಾಗಿಲು ಹಾಕಿ, ಬೆರಳು ಸೇರಿಸದ ಮನೆಯವರಿಂದ ಒತ್ತಿಸಿ ನೋಡಿ. ತೆರೆದುಕೊಂಡರೆ ಅದರಲ್ಲಿ ಕೋವಿ ಇಡಬೇಡಿ. ಬೀಗದ ಕಬ್ಬಿಣದ ಬೀರುವಿನಲ್ಲಿಟ್ಟು ನಮಗೆ ಫೋನ್ ಮಾಡಿ, ನಿಮ್ಮ ಮನೆಗೇ ಮೊದಲು ಬರುತ್ತೇವೆ. ತೆರೆಯದಿದ್ದರೂ ಕ್ಯಾಲೆಂಡರ್ ಹಿಂದಿನ ಕೀ ಈಗಲೇ ತೆಗೆಯಿರಿ.

ಬದಲಿಸುವುದಕ್ಕೆ ಬೀಗದ ಅಸಲು ದುಡ್ಡು ಮಾತ್ರ ತೆಗೆದುಕೊಳ್ಳುತ್ತೇವೆ. ಬಂದು ಹೋಗುವ ಖರ್ಚು, ಬಾಗಿಲಿಗೆ ಹೊಸ ತೂತು ಕೊರೆದು ಹಳೇದನ್ನು ಮುಚ್ಚುವ ಕೆಲಸ ನಮ್ಮದು. ಮಕ್ಕಳಿರುವ ಮನೆಗಳಿಗೆ ಮೊದಲು. ರಸೀದಿ ಸಿಗದಿದ್ದರೆ ಚಿಂತೆ ಬೇಡ, ನಮ್ಮ ಪೆಟ್ಟಿಗೆ ನಮಗೆ ಗೊತ್ತಾಗುತ್ತದೆ. ಬುಕಿಂಗ್ ವಾಪಸ್ ಬೇಕು ಅನ್ನುವವರಿಗೆ ಪೂರ್ತಿ ಮುಂಗಡ ಹಿಂದಿರುಗಿಸುತ್ತೇವೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಭಾನುವಾರ ಬಿಟ್ಟು ಉಳಿದ ದಿನ ವರ್ಕ್‌ಶಾಪ್ ತೆರೆದಿರುತ್ತದೆ. ಬಂದವರು ಹೊಸ ಬೀಗವನ್ನು ಕಣ್ಣು ಮುಚ್ಚಿಕೊಂಡು ತೆಗೆದು ನೋಡಬಹುದು, ಒಂದನ್ನು ಬೆಂಚಿಗೆ ಕೂರಿಸಿಟ್ಟಿದ್ದೇವೆ.

ನಿಮ್ಮ ವರ್ಕ್‌ಶಾಪಿನವರು,
ಗೋಣಿಕೊಪ್ಪ