ಪೈಲಟ್‌ಗೆ ಕಿವಿ ಹೇಳುವ ಸುಳ್ಳು

ಮಾನ್ಯರೇ,

ಪುಟ್ಟ ಖಾಸಗಿ ವಿಮಾನ ಬಿದ್ದಾಗಲೆಲ್ಲ ‘ಹವಾಮಾನ ವೈಪರೀತ್ಯವೇ ಕಾರಣ’ ಎಂಬ ಸಾಲು ಪತ್ರಿಕೆಗಳಲ್ಲಿ ಬಂದು ಕೂರುತ್ತದೆ. ಮಂಜಿಗೇನು ರೆಕ್ಕೆ ಮುರಿಯುವ ಶಕ್ತಿ ಇದೆಯೇ? ಅದು ದಿಗಂತವನ್ನು ಮರೆಮಾಡುತ್ತದೆ, ಅಷ್ಟೇ. ಮುಂದಿನ ಕೆಲಸ ಪೈಲಟ್‌ನ ಒಳಕಿವಿಯದು.

1999ರ ಜುಲೈ 16ರ ರಾತ್ರಿ, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಹಾರಿಸುತ್ತಿದ್ದ ಪೈಪರ್ ಸರಟೋಗಾ ಎಂಬ ಪುಟ್ಟ ವಿಮಾನ, ಅಲ್ಲಿನ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಬಳಿ ಕಡಲಿಗೆ ಬಿದ್ದು ಒಳಗಿದ್ದ ಮೂವರೂ ಸತ್ತರು. ಎಂಜಿನ್‌ನಲ್ಲಿ ದೋಷ ಸಿಗಲಿಲ್ಲ. ಕಣ್ಣಿಗೆ ಕಾಣುವುದನ್ನು ನಂಬಿ ಹಾರುವ ವಿಎಫ್‌ಆರ್ ಹಾರಾಟಕ್ಕೆ ಅಂದಿನ ಹವೆ ಕಾಗದದ ಮೇಲೆ ನಿಷಿದ್ಧವೂ ಆಗಿರಲಿಲ್ಲ! ಆದರೆ ಕೆಳಗೆ ಕಪ್ಪು ನೀರು, ಸುತ್ತ ಮಬ್ಬು. ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆ, ಇರಲಿಲ್ಲ. ಕೊನೆಗೆ ವಿಮಾನ ಬಲಕ್ಕೆ ಸುತ್ತುತ್ತ, ನಿಮಿಷಕ್ಕೆ 4,700 ಅಡಿಗೂ ಮಿಕ್ಕಿ ಇಳಿಯಿತು.

ತಿರುವು ಹತ್ತಿಪ್ಪತ್ತು ಸೆಕೆಂಡು ಒಂದೇ ಸಮ ಸಾಗಿದರೆ, ತಿರುಗುವುದನ್ನು ಮಿದುಳಿಗೆ ತಿಳಿಸುವ ಒಳಕಿವಿಯ ನಾಳದ ದ್ರವವೂ ಜತೆಗೇ ಸುತ್ತತೊಡಗಿ, ನೆಟ್ಟಗೆ ಹೋಗುತ್ತಿದ್ದೇವೆ ಎನಿಸುತ್ತದೆ. ವಾಲಿದ ವಿಮಾನದ ಮೂಗು ಇಳಿದು ವೇಗ ಏರುತ್ತದೆ. ಎತ್ತರ ಕರಗುವುದನ್ನು ಕಂಡ ಪೈಲಟ್ ಕಂಟ್ರೋಲನ್ನು ಎದೆಯತ್ತ ಎಳೆಯುತ್ತಾನೆ. ರೆಕ್ಕೆ ವಾಲಿರುವಾಗ ಎಳೆದರೆ ಸುತ್ತು ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ವಿಮಾನ ಮೇಲೇಳದು. ಮೊದಲು ಥ್ರಾಟಲ್ (ಎಂಜಿನ್ನಿನ ಶಕ್ತಿ) ತಗ್ಗಿಸಬೇಕು, ವಿಮಾನದ ವಾಲಿಕೆ ತೋರಿಸುವ ‘ಕೃತಕ ದಿಗಂತ’ ಎಂಬ ಉಪಕರಣ ನೋಡಿ ರೆಕ್ಕೆ ಸಮ ಮಾಡಬೇಕು, ಮೂಗೆತ್ತುವುದು ಆಮೇಲೆ, ಅದೂ ಮೆಲ್ಲಗೆ. ಬಲ ತಿರುವಿನಿಂದ ರೆಕ್ಕೆ ಸಮವಾದ ಕೂಡಲೇ ‘ಎಡಕ್ಕೆ ತಿರುಗುತ್ತಿದ್ದೀಯ’ ಎಂದು ಕಿವಿ ಹೇಳುತ್ತದೆ. ನಂಬಿದರೆ ಮತ್ತೆ ಅದೇ ಸುಳಿ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿಯನ್ನು ಹೊರನೋಟ ಮುಚ್ಚಿ ಪರೀಕ್ಷಿಸಿದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಮೋಡ ಹೊಕ್ಕವರು ಮಾಡಬೇಕಾದ್ದು ಬಂದ ದಾರಿಗೆ ತಿರುಗುವುದು: ಸೆಕೆಂಡಿಗೆ 3 ಡಿಗ್ರಿಯಂತೆ ಸರಿಯಾಗಿ ಒಂದು ನಿಮಿಷ, ಕಣ್ಣು ಉಪಕರಣದ ಮೇಲೆ. ಆಟೊಪೈಲಟ್ ಇದ್ದರೆ ಅದನ್ನೇ ಹಚ್ಚುವುದು ಲೇಸು.

ವಿಎಫ್‌ಆರ್‌ಗೆ ನಮ್ಮಲ್ಲಿ 10,000 ಅಡಿಯ ಕೆಳಗೆ ಸಾಮಾನ್ಯವಾಗಿ 5 ಕಿ.ಮೀ. ಗೋಚರತೆ ಬೇಕು, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ ದೂರವಿರಬೇಕು. ಹಾಗಾಗಿ ಇಂಥ ಅಪಘಾತದ ವರದಿಯಲ್ಲಿ ಆಗ ಗೋಚರತೆ ಎಷ್ಟಿತ್ತು, ಹಾರಾಟ ವಿಎಫ್‌ಆರ್‌ನದೋ ಅಲ್ಲವೋ, ಪೈಲಟ್ ಉಪಕರಣ ಹಾರಾಟದ ಅಭ್ಯಾಸ ಕೊನೆಗೆ ಮಾಡಿದ್ದು ಯಾವಾಗ ಎಂಬುದನ್ನು ತಮ್ಮ ವರದಿಗಾರರು ಕೇಳಿ ಬರೆಯಲಿ.

– ಒಬ್ಬ ಓದುಗ, ಬೆಂಗಳೂರು