ನಮ್ಮ ಹುಡುಗನ ಮಾತು ಕೇಳಿಸಿಕೊಂಡವರಿಗೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಿನಿಂದ ಫೋನಿಗೆ ಬಿಡುವೇ ಇಲ್ಲ. ಒಬ್ಬೊಬ್ಬರಿಗೂ ಉತ್ತರ ಬರೆಯೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೌದು, ನನ್ನ ವಿದ್ಯಾರ್ಥಿ, ನಮ್ಮ ಹುಡುಗ ಪಾಸಾದ. ಮಾರ್ಕ್ಸ್ ಎಷ್ಟು ಅಂತ ನನ್ನನ್ನು ಕೇಳಬೇಡಿ, ಅವನೇ ಹೇಳಲಿ. ಹೇಳದೆ ಬಿಡುವ ಆಸಾಮಿ ಅಲ್ಲ ಅವನು.

ನಾನು ಬಿಐಇಆರ್‌ಟಿ, ಅಂದರೆ ಬ್ಲಾಕಿನ ಶಾಲೆಗಳಲ್ಲಿ ಅಂಗವಿಕಲ ಮಕ್ಕಳ ಓದಿಗೆ ನೆರವಾಗುವ ಟೀಚರ್. ಈ ಕೆಲಸ ಹೇಗಿರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಾರ್ಚ್ ಬಂತೆಂದರೆ ಪಾಠ ಕಮ್ಮಿ, ಕಾಗದ ಜಾಸ್ತಿ. ಅಂಗವೈಕಲ್ಯದ ಗುರುತಿನ ಯುಡಿಐಡಿ ಕಾರ್ಡು, ಸ್ಕ್ರೈಬ್ (ಮಗು ಹೇಳಿದ ಉತ್ತರ ಬರೆದುಕೊಡುವವರು) ಅನುಮತಿ, ಮೆಟ್ಟಿಲು ಹತ್ತದಂತೆ ಕೆಳಗಿನ ಕೊಠಡಿ, ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚುವರಿ ಸಮಯ. ಒಂದು ಸಹಿ ಇಲ್ಲದಿದ್ದರೂ ಮಗು ಗೇಟಿನಲ್ಲೇ ನಿಲ್ಲಬೇಕು.

ಗಣಿತದ ಬದಲು ಸಮಾಜಶಾಸ್ತ್ರ ತಗೊಂಡ ನಮ್ಮ ಹುಡುಗನಿಗೆ ಹೈಸ್ಕೂಲಲ್ಲಿ ಅದನ್ನು ಕಲಿಸುವವರೇ ಇರಲಿಲ್ಲ. ಭಾನುವಾರ ಬಿಡುವು ಮಾಡಿಕೊಂಡು ಬಂದ ಪಿಯು ಕಾಲೇಜಿನ ಲೆಕ್ಚರರ್ ಸರ್‌ಗೆ, ಲುಂಗಿಯಲ್ಲೇ ಓಡಿ ಬಂದು ಸಹಿ ಹಾಕಿದ ಹೆಡ್‌ಮಾಸ್ಟರ್‌ಗೆ, ಪರೀಕ್ಷೆಯ ಬೆಳಿಗ್ಗೆ ನನ್ನ ಕಾಗದ ನೋಡಿ ಎರಡು ಮಾತಾಡದೆ ಒಳಗೆ ಬಿಟ್ಟ ಕೇಂದ್ರದ ಮುಖ್ಯ ಅಧೀಕ್ಷಕರಿಗೆ, ತಿಂಗಳುಗಟ್ಟಲೆ ನನ್ನ ಮುಖ ನೋಡದೆ ಅಡುಗೆ ಮಾಡಿಕೊಂಡ ಮನೆಯವರಿಗೆ, ಎಲ್ಲರಿಗೂ ಒಟ್ಟಿಗೇ ಥ್ಯಾಂಕ್ಸ್. ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಒಬ್ಬರಿಗೇ ಬೇಕು.

ಅವರು ಆ ಹೈಸ್ಕೂಲಿನ ಅಟೆಂಡರ್ ಅಣ್ಣ.

ನಾಳೆ ಕನ್ನಡ ಪೇಪರ್ ಅನ್ನುವಾಗ ಇವತ್ತು ಸಂಜೆ ಸ್ಕ್ರೈಬ್ ಹುಡುಗನಿಗೆ ಅಮ್ಮ ಎದ್ದಿತು. ಮೈತುಂಬಾ ಗುಳ್ಳೆ, ಜ್ವರ. ಅವನನ್ನು ಕೂರಿಸುವ ಮಾತೇ ಇಲ್ಲ. ಒಂಬತ್ತನೇ ಕ್ಲಾಸಿನ ಇನ್ಯಾರನ್ನಾದರೂ ಹಿಡಿದು ತನ್ನಿ ಅಂತ ಸಲಹೆ ಕೊಟ್ಟವರಿಗೇನೂ ಬರವಿರಲಿಲ್ಲ. ಆದರೆ ನಮ್ಮ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆಯಿಂದ ಮೈಯ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ. ಮಾತು ಎಳೆಯುತ್ತದೆ, ಪದದ ಕೊನೆ ಗಂಟಲಲ್ಲೇ ಉಳಿಯುತ್ತದೆ. ಹಳೇ ಸ್ಕ್ರೈಬ್‌ಗೆ ಅದು ಅರ್ಥವಾಗೋಕೆ ದಸರಾ ರಜೆಯಿಂದ ಅಭ್ಯಾಸ ಮಾಡಿಸಿದ್ದೆ. ಹೊಸಬರಿಗೆ ಒಂದೇ ರಾತ್ರಿ.

ನಾನು ಶಾಲೆಯ ಜಗಲಿ ಮೇಲೆ ಕೂತುಬಿಟ್ಟಿದ್ದೆ. "ಏಳಿ ಮೇಡಂ, ಒಂದ್ ಹುಡ್ಗಿ ಐತೆ. ಅಕ್ಷರ ಮುತ್ತು ಪೋಣಿಸ್ದಂಗೆ" ಅಂದರು ಅಣ್ಣ. ನೋಟ್ಸ್ ಪುಸ್ತಕಗಳ ಕಟ್ಟನ್ನು ದಿನಾ ಸ್ಟಾಫ್ ರೂಮಿಗೆ ಹೊರುವವರು ಅವರೇ ತಾನೇ. ಯಾರ ಅಕ್ಷರ ಹೇಗಿದೆ ಅಂತ ಮೇಷ್ಟ್ರುಗಳಿಗಿಂತ ಚೆನ್ನಾಗಿ ಗೊತ್ತು. ಅವರ ಟಿವಿಎಸ್ ಹಿಂದೆ ಕೂತು ಹೋದೆ. ಹುಡುಗಿಯ ಅಪ್ಪನಿಗೆ ಭಯ. "ನನ್ ಮಗಳು ತಪ್ಪು ಬರೆದು ಆ ಹುಡ್ಗ ಫೇಲಾದ್ರೆ?" ಅಣ್ಣ ಹೇಳಿದರು, "ಯಾರೂ ಬರೀದೇ ಇದ್ರೂ ಫೇಲೇ ಅಲ್ವೇನಪ್ಪಾ."

ಹೊಸ ಸ್ಕ್ರೈಬ್‌ನ ಕಾಗದಕ್ಕೆ ಬೇಕಾದ ಶಾಲೆಯ ಸೀಲು ಬೀರುವಿನಲ್ಲಿ, ಬೀರುವಿನ ಕೀಲಿ ಅಣ್ಣನ ಉಡಿದಾರದಲ್ಲಿ. ಆ ಕೆಲಸ ಬೇಗ ಮುಗಿಯಿತು. ಆಮೇಲೆ ಹುಡುಗನ ಮನೆಗೆ ಬಂದೆವು. ಇವನು ಹೇಳುತ್ತಾನೆ, ಅವಳು ಪೆನ್ನು ಹಿಡಿದು ನನ್ನ ಮುಖ ನೋಡುತ್ತಾಳೆ. ಅಣ್ಣ ಇಬ್ಬರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಅವನು ಹೇಳಿದ್ದನ್ನು ಹಾಗ್ಹಾಗೇ ತಿರುಗಿ ಹೇಳತೊಡಗಿದರು. ದಿನಾ ಆಟೋದಿಂದ ಎತ್ತಿ ಕ್ಲಾಸಿಗೆ ಬಿಡುವವರು ಅವರು. ದಾರಿಯುದ್ದಕ್ಕೂ ಅವನ ಹರಟೆ ಕೇಳಿದವರು. ಒಂದು ಸಲ ಅವನು "ಪೂರ್ಣವಿರಾಮ" ಅಂದಾಗ ಪಾಪ ಹುಡುಗಿ ಅದನ್ನೂ ಅಕ್ಷರದಲ್ಲೇ ಬರೆದುಬಿಟ್ಟಳು. ಅವನು ನಕ್ಕ ನಗುವಿಗೆ ಅವಳ ಹೆದರಿಕೆ ಅರ್ಧ ಹೋಯಿತು. ರಾತ್ರಿ ಹನ್ನೊಂದರ ಸುಮಾರಿಗೆ, ಅಣ್ಣ ಬಾಯಿ ತೆರೆಯುವ ಮೊದಲೇ ಅವಳು ಎರಡು ಸಾಲು ಬರೆದಿದ್ದಳು. "ಇನ್ ನನ್ಗೇನ್ ಕೆಲ್ಸ" ಅಂತ ಎದ್ದು ಚಪ್ಪಲಿ ಹುಡುಕಿದರು.

ಹುಡುಗನ ಫೈಲಿನಲ್ಲಿ ವರ್ಷ ವರ್ಷವೂ 'ಮಾತು ಸ್ಪಷ್ಟವಿಲ್ಲ' ಅಂತ ಬರೆದಿದೆ. ಓದಿಕೊಂಡವರು ಬರೆದದ್ದು. ಯಾವ ತರಬೇತಿಯೂ ಇಲ್ಲದ ಈ ಮನುಷ್ಯನಿಗೆ ಮಾತ್ರ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳು ಬರುವಷ್ಟೂ ಅತ್ತೆ. 'ಇಂಥ ಮಕ್ಕಳಿಗೆ ಪರೀಕ್ಷೆ ಯಾಕೆ, ಸುಮ್ನೆ ಪಾಸ್ ಮಾಡಿದ್ರಾಯ್ತಲ್ಲ' ಅನ್ನುವ ಮಾತನ್ನು ನಗುನಗುತ್ತಲೇ ನುಂಗಿಕೊಂಡು ಬಂದಿದ್ದೆ. ಆ ರಾತ್ರಿ ಎಲ್ಲ ಹೊರಗೆ ಬಂತು. ಸರಿ, ಅದು ಮುಗಿಯಿತು.

ಪರೀಕ್ಷೆಯ ದಿನಗಳಲ್ಲಿ ಕೇಂದ್ರದ ಸುತ್ತ 200 ಮೀಟರ್ ಯಾರೂ ನಿಲ್ಲುವ ಹಾಗಿರಲಿಲ್ಲ. ಅಣ್ಣ ಅದರಾಚೆ ಟೀ ಅಂಗಡಿಯಲ್ಲಿ ಕಾದರು. ಉಳಿದ ಮಕ್ಕಳೆಲ್ಲ ಮನೆ ಸೇರಿದ ಮೇಲೂ ಕಾದರು. ಹೆಚ್ಚುವರಿ ಸಮಯ ಇತ್ತಲ್ಲ.

ಹುಡುಗಿಗೂ ಅವಳ ಅಪ್ಪನಿಗೂ ಮನೆಗೇ ಬಂದು ಹೇಳುತ್ತೇನೆ, ಇಲ್ಲಿ ಬರೆದರೆ ಸಾಲದು. ನನ್ನ ಇನ್ನಿಬ್ಬರು ವಿದ್ಯಾರ್ಥಿಗಳು ಎಸ್‌ಎಸ್‌ಎಲ್‌ಸಿ ಎರಡನೇ ಸುತ್ತಿನ ಪರೀಕ್ಷೆ-2 ಬರೆಯಬೇಕು, ಅರ್ಜಿ ಸೋಮವಾರವೇ ಹೋಗಬೇಕು. ಹೆಡ್‌ಮಾಸ್ಟರ್ ಸರ್‌ಗೆ ಹೇಳಿದ್ದೇನೆ. ಅಣ್ಣಾ, ರಜೆ ಅಂತ ಊರಿಗೆ ಹೊರಟುಬಿಡಬೇಡಿ, ಬೀರುವಿನ ಕೀಲಿ ನಿಮ್ಮ ಹತ್ತಿರವೇ ಇದೆ.