ಪಿಕಪ್‌ಗೆ ಟರ್ಬೊ ಕೂರಿಸುವ ಮೊದಲು

ಶಾರ್ಜಾ

ಪ್ರೀತಿಯ ತಮ್ಮ ಗಣೇಶನಿಗೆ ಅಣ್ಣನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕಾಗದದಲ್ಲಿ ಮುಕ್ಕಾಲು ಪಾಲು ಪಿಕಪ್‌ನ ವಿಷಯವೇ ಇದ್ದದ್ದರಿಂದ ಉತ್ತರವೂ ಅದೇ. ಮುಳ್ಳೇರಿಯ, ಜಾಲ್ಸೂರು ಕಳೆದು ಸಂಪಾಜೆ ಘಾಟಿ ಹತ್ತುವಾಗ ಲೋಡು ಗಾಡಿ ಎರಡನೇ ಗೇರು ಬಿಟ್ಟು ಮೇಲೆ ಬರುವುದಿಲ್ಲ ಎಂದರೆ ಟರ್ಬೊ, ಅಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು, ಒಂದು ದಾರಿ ಹೌದು. ಆದರೆ ಮೊದಲು ಕಾನೂನು ನೋಡು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪೆನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದದ್ದು ಕೇರಳದ್ದೇ ಪ್ರಕರಣದಲ್ಲಿ. ಕಾಸರಗೋಡು ಆರ್‌ಟಿಒದಲ್ಲಿ ಬರವಣಿಗೆಯಲ್ಲಿ ಕೇಳದೆ ಒಂದು ಬೋಲ್ಟನ್ನೂ ಬಿಚ್ಚಬೇಡ. ಅವರು ಒಪ್ಪದಿದ್ದರೆ ತೋಟದೊಳಗೆ ಮಾತ್ರ ಓಡುವ ಗಾಡಿಗೆ ಮಾಡಬಹುದು, ರಸ್ತೆಗೆ ಇಳಿಯುವುದಕ್ಕಲ್ಲ.

ನಾನು ಬರೆಯುವುದೆಲ್ಲ ರೋಟರಿ ಡೀಸೆಲ್ ಪಂಪಿನ ಹಳೆಯ 2.5 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ನಿಗೆ. ಕಂಪ್ಯೂಟರ್ ಡೀಸೆಲ್ ಅಳೆದು ಬಿಡುವ ಕಾಮನ್ ರೈಲ್ ಗಾಡಿಗೆ ಇದು ಯಾವುದೂ ಹೊಂದುವುದಿಲ್ಲ. ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಎಂದು ನೋಡಿಸು. ಸಿಲಿಂಡರ್‌ಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಟರ್ಬೊದ ದುಡ್ಡನ್ನು ರಿಂಗ್, ವಾಲ್ವ್‌ಗೆ ಹಾಕು, ವಿಷಯ ಅಲ್ಲಿಗೇ ಮುಗಿಯಿತು.

ಹೊರಗೆ 35 ಡಿಗ್ರಿ ಇರುವಾಗ ಈ ಎಂಜಿನ್ 3500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 4.3 ಕೆಜಿ ಗಾಳಿ ಎಳೆಯುತ್ತದೆ. 0.6 ಬಾರ್ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ಕೊಟ್ಟರೆ ಟರ್ಬೊದಿಂದ ಹೊರಬರುವ ಗಾಳಿ ನೂರು ಡಿಗ್ರಿಯ ಹತ್ತಿರಕ್ಕೆ ಬಿಸಿಯಾಗುತ್ತದೆ, ಹಾಗೇ ಕಳಿಸಿದರೆ 5.6 ಕೆಜಿ ಸಿಕ್ಕೀತು. ಇಂಟರ್‌ಕೂಲರ್ ಎಂಬ ಗಾಳಿ ತಣಿಸುವ ರೇಡಿಯೇಟರಿನಲ್ಲಿ 60ಕ್ಕೆ ಇಳಿಸಿದರೆ 6.2. ನಿನಗೆ ಅಷ್ಟು ಸಾಕು. ಹಲವು ಟರ್ಬೊ ಎಂಜಿನ್ನುಗಳಲ್ಲಿ ಪಿಸ್ಟನ್ ತಣಿಸಲು ಅದರ ಅಡಿಗೆ ಆಯಿಲ್ ಚಿಮ್ಮಿಸುವ ಜೆಟ್ ಇರುತ್ತದೆ, ಟರ್ಬೊ ಇಲ್ಲದ ಹಲವು ಎಂಜಿನ್ನುಗಳಲ್ಲಿ ಇರುವುದಿಲ್ಲ. ಹಾಗಾಗಿ ಒಂದು ಬಾರ್ ಕೊಡು ಎನ್ನುವವರ ಮಾತು ಕೇಳಬೇಡ.

ಟರ್ಬೊ ಸಣ್ಣದೇ ಇರಲಿ. ಮಿತ್ಸುಬಿಷಿ 4ಡಿ56 ಎಂಜಿನ್ನಿನ ಟಿಡಿ04 ಸರಿಯಾದ ಅಳತೆ. ಗುಜರಿಯಿಂದ ತರುವುದಾದರೆ ಶಾಫ್ಟನ್ನು ಹಿಂದೆ ಮುಂದೆ ಎಳೆದು ನೋಡು, ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬೇಡ. ಅಡ್ಡಕ್ಕೆ ಸ್ವಲ್ಪ ಅಲುಗಿದರೆ ಪರವಾಗಿಲ್ಲ, ಚಕ್ರ ಮಾತ್ರ ಹೌಸಿಂಗ್‌ಗೆ ತಾಗಬಾರದು. ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) 0.5 ಬಾರ್‌ಗೆ ತೆರೆಯಲು ಶುರುವಾಗುವ ಸ್ಪ್ರಿಂಗ್ ಇದ್ದದ್ದನ್ನೇ ಆರಿಸು. ಅದಕ್ಕೆ ಹೋಗುವ ಸಣ್ಣ ಪೈಪು ಕಳಚಿದರೆ ಬೂಸ್ಟ್‌ಗೆ ಲಗಾಮೇ ಇಲ್ಲ, ಕ್ಲಿಪ್ ಹಾಕದೆ ಬಿಡಬೇಡ.

ಸಿಲಿಂಡರ್‌ಗಳ ಹೊಗೆಯನ್ನು ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡಿಗೆ 12 ಎಂಎಂ ಮೈಲ್ಡ್ ಸ್ಟೀಲ್ ಫ್ಲೇಂಜ್ (ಹೆಡ್ಡಿಗೆ ಬೋಲ್ಟ್ ಬಿಗಿಯುವ ಪಟ್ಟಿ), ಒಂದೂವರೆ ಇಂಚಿನ ದಪ್ಪ ಗೋಡೆಯ ಸ್ಟೀಮ್ ಪೈಪು, ವೆಲ್ಡ್ ಬೆಂಡು. ಹೊಳೆಯುತ್ತದೆಂದು ಸ್ಟೇನ್‌ಲೆಸ್ ಕೇಳಬೇಡ. ಬಿಸಿಗೆ ಅದು ಮೈಲ್ಡ್ ಸ್ಟೀಲಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ತೆಳು ಪೈಪಾದರೆ ವೆಲ್ಡಿನ ಬುಡದಲ್ಲೇ ಬಿರಿಯುತ್ತದೆ. ವೆಲ್ಡ್ ಮಾಡುವಾಗ ಫ್ಲೇಂಜನ್ನು ಗುಜರಿಯ ಹಳೆ ಹೆಡ್ಡಿಗೆ ಬಿಗಿದಿಟ್ಟು, ಪೂರ್ತಿ ತಣಿದ ಮೇಲೆಯೇ ಬಿಚ್ಚಬೇಕು. ಆಮೇಲೆ ಮಿಲ್ಲಿಂಗ್‌ನಲ್ಲಿ ಮುಖ ಸಮ ಮಾಡಿಸು. ಇದನ್ನು ತಪ್ಪಿಸಿದರೆ ವಾರಕ್ಕೊಂದು ಗ್ಯಾಸ್ಕೆಟ್ ಸುಡುತ್ತದೆ. ಟರ್ಬೊದ ಭಾರ ಮ್ಯಾನಿಫೋಲ್ಡಿನ ಮೇಲೆ ಬೀಳದ ಹಾಗೆ ಬ್ಲಾಕಿನಿಂದ ಒಂದು ಬ್ರಾಕೆಟ್ ಕೊಡು. ಹೊಗೆ ಹೋಗುವ ಪೈಪು ಎರಡೂವರೆ ಇಂಚು, ನಡುವೆ ಒಂದು ಫ್ಲೆಕ್ಸ್ ತುಂಡು.

ಹೆಚ್ಚಿನವರು ಎಡವುವುದು ಆಯಿಲಿನಲ್ಲಿ. ಆಯಿಲ್ ಪ್ರೆಶರ್ ಸ್ವಿಚ್ಚಿನ ಜಾಗದಲ್ಲಿ ಟಿ ಹಾಕಿ ಟರ್ಬೊಗೆ ಕೊಡುವುದು ಸುಲಭ, ವಾಪಸು ಬರುವ ದಾರಿಯೇ ಕಷ್ಟ. ಒಳ ಅಳತೆ ಕಡಿಮೆಯೆಂದರೆ 16 ಎಂಎಂ, 19 ಆದರೆ ಒಳ್ಳೆಯದು. ಪೈಪು ಎಲ್ಲೂ ತೂಗಿ ಬೀಳದೆ ಆದಷ್ಟು ನೆಟ್ಟಗೆ ಇಳಿದು, ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿನಲ್ಲಿ ಆಯಿಲ್ ಮಟ್ಟದಿಂದ ಮೇಲೆ ಸೇರಬೇಕು. ಟರ್ಬೊದ ಸೀಲ್ ಎಂದರೆ ರಬ್ಬರಲ್ಲ, ಸಣ್ಣ ರಿಂಗು ಅಷ್ಟೆ. ಆಯಿಲ್ ಒಳಗೆ ಕಟ್ಟಿ ನಿಂತರೆ ಅದು ತಡೆಯುವುದಿಲ್ಲ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಆಗ ಟರ್ಬೊ ಹಾಳಾಯಿತೆಂದು ಇನ್ನೊಂದು ತರುತ್ತಾರೆ, ಅದೂ ಹೊಗೆ ಬಿಡುತ್ತದೆ! ಆಯಿಲ್ ಪೈಪಿನ ಜೋಡಣೆಗೆ ಸಿಲಿಕಾನ್ ಪೇಸ್ಟ್ ಹಚ್ಚಬೇಡ, ಚೂರು ಒಳಗೆ ಹೋಗಿ ತೂತು ಕಟ್ಟುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಟರ್ಬೊದ ಬಾಯಿಗೆ ಆಯಿಲ್ ಹೊಯ್ದು, ಎಂಜಿನ್ ಹತ್ತದಂತೆ ಡೀಸೆಲ್ ಪಂಪಿನ ಸ್ಟಾಪ್ ಸೊಲೆನಾಯ್ಡ್ ವಯರ್ ತೆಗೆದು, ಪ್ರೆಶರ್ ಲೈಟ್ ಆರುವ ತನಕ ಸೆಲ್ಫ್ ಹೊಡೆ. ಒಂದೇ ಸಮ ಹೊಡೆದು ಮೋಟರ್ ಸುಡಬೇಡ.

ಗಾಳಿ ಪೈಪಿನ ತುದಿಗೆ ಉಬ್ಬು ಕೊಡಿಸದಿದ್ದರೆ ಘಾಟಿಯ ಮಧ್ಯದಲ್ಲಿ ಹೋಸ್ ಹಾರಿಹೋಗುತ್ತದೆ. ಎಲ್ಲ ಜೋಡಿಸಿದ ಮೇಲೆ ಆಯಿಲ್ ಮುಚ್ಚಳ ತೆರೆದಿಟ್ಟು, ಟರ್ಬೊದ ಬಾಯಿ ಮುಚ್ಚಿ 0.3 ಬಾರ್ ಗಾಳಿ ಬಿಟ್ಟು ಸೋಪು ನೀರು ಹಚ್ಚಿ ನೋಡು.

ಇನ್ನು ಡೀಸೆಲ್. ಪಂಪು ಮುಟ್ಟದೆ ಟರ್ಬೊ ಮಾತ್ರ ಹಾಕಿದರೆ ಹೊಗೆ ಕಡಿಮೆಯಾಗುತ್ತದೆ, ಎಂಜಿನ್ ತಂಪಾಗುತ್ತದೆ, ಎಳೆತ ಮಾತ್ರ ಅಷ್ಟೇನೂ ಹೆಚ್ಚುವುದಿಲ್ಲ. ಪೆಟ್ರೋಲಿನಲ್ಲಿ ಇಂಧನ ಕಡಿಮೆಯಾದರೆ ಭಯ, ಡೀಸೆಲ್‌ನಲ್ಲಿ ಹೆಚ್ಚಾದರೆ ಬಿಸಿ ಏರುವ ಭಯ. ಪಂಪು ಹೆಚ್ಚೆಂದರೆ ಎಷ್ಟು ಡೀಸೆಲ್ ಬಿಡಬೇಕೆಂದು ನಿಗದಿ ಮಾಡುವ ಫುಲ್ ಲೋಡ್ ಸ್ಕ್ರೂವನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ, ಲೋಡಿನಲ್ಲಿ ಏರು ಹತ್ತಿಸಿ ನೋಡು. ಆದರೆ ಎಂತ ನೋಡುವುದು? ಹೊಗೆಯ ಬಣ್ಣ ಸಾಲದು. ಟರ್ಬೊಗೆ ಮೊದಲು, ಮ್ಯಾನಿಫೋಲ್ಡಿನಲ್ಲೇ ಹೊಗೆಯ ಬಿಸಿ ಅಳೆಯುವ ಕೆ ಟೈಪ್ ಥರ್ಮೊಕಪಲ್ ಕೂರಿಸಿ ಮೀಟರ್ ಕಣ್ಣೆದುರು ಇಡು. ಏರಿನಲ್ಲಿ 700 ಡಿಗ್ರಿ ದಾಟಿ ನಿಂತರೆ ಸ್ಕ್ರೂ ಹಿಂದಕ್ಕೆ ತಿರುಗಿಸು. ಟರ್ಬೊದ ಆಚೆ ಹಾಕಿದರೆ ನೂರಕ್ಕೂ ಮಿಕ್ಕಿ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ದುಡ್ಡು ಸಾಲದೆ ಏನಾದರೂ ಬಿಡಬೇಕಾದರೆ ಇಂಟರ್‌ಕೂಲರ್ ಬಿಟ್ಟು ಬೂಸ್ಟ್ ಮತ್ತು ಡೀಸೆಲ್ ಎರಡನ್ನೂ ಇಳಿಸು, ಈ ಮೀಟರ್ ಮಾತ್ರ ಬಿಡಬೇಡ.

ಕ್ಲಚ್ ಹಳತಾಗಿದ್ದರೆ ಜಾರಲು ಶುರುವಾಗುತ್ತದೆ, ಅದಕ್ಕೂ ಸ್ವಲ್ಪ ತೆಗೆದಿಡು. ಆಯಿಲ್ 15ಡಬ್ಲ್ಯು-40, ಐದು ಸಾವಿರ ಕಿಲೋಮೀಟರಿಗೆ ಬದಲಿಸು. ಘಾಟಿ ಹತ್ತಿ ನಿಲ್ಲಿಸುವಾಗ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡು.

ಆರ್‌ಟಿಒ ಉತ್ತರ ಬಂದ ಮೇಲೆ ಕಂಪ್ರೆಶನ್ ರೀಡಿಂಗ್ ಬರೆದು ಕಳಿಸು. ಹಳೆ ಮ್ಯಾನಿಫೋಲ್ಡ್ ಗ್ಯಾಸ್ಕೆಟನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆ. ಫ್ಲೇಂಜನ್ನು ಇಲ್ಲೇ ಲೇಸರಿನಲ್ಲಿ ಕತ್ತರಿಸಿ ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಅಪ್ಪ, ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತು,
ನಿನ್ನ ಅಣ್ಣ